ಕಿರುಅಗಲದ ಬಟ್ಟೆ ನೇಯುವ ಯಂತ್ರಗಳು: ವಿಧಗಳು ಮತ್ತು ಕಾರ್ಯವಿಧಾನ

ಪೀಠಿಕೆ

ಜವಳಿ ಎಂದೊಡನೆ ಸೀರೆ, ಪಂಚೆ, ಅಂಗಿಯ ಬಟ್ಟೆ, ಹೊದಿಕೆ ಇವೇ ಮನಸ್ಸಿಗೆ ಬರುವುದು ಸಹಜ. ಆದರೆ ಒಳಲಂಗದ ಲಾಡಿ, ಶಾಲಾ ಬಾಲಕಿಯರ ಜಡೆಯ ರಿಬ್ಬನ್ನು, ಮಂಚಕ್ಕೆ ಬಿಗಿಯುವ ನವಾರು, ಸೀಮೆಎಣ್ಣೆ ದೀಪದ ಬತ್ತಿ, ಅಂಗಿಯ ಕೊರಳಿನ ಲೇಬಲ್ಲು, ಜಿಪ್ಪಿನ ಎರಡೂ ಬದಿಯ ಪಟ್ಟಿ, ಶಾಲಾ ಚೀಲದ ಹೆಗಲಪಟ್ಟಿ, ಕಾರಿನ ಸೀಟ್ ಬೆಲ್ಟ್ ಮುಂತಾದವುಗಳೂ ನೇಯ್ದ ಬಟ್ಟೆಗಳೇ ಆಗಿವೆ. ಸರ್ಕಾರಿ ಕಚೇರಿಗಳಲ್ಲಿ ಕಡತ ಕಟ್ಟುವ ಲಾಡಿಯೂ ಇದೇ ವರ್ಗಕ್ಕೆ ಸೇರುತ್ತದೆ. ವಿಳಂಬಕ್ಕೆ ಪರ್ಯಾಯವಾಗಿ ಬಳಕೆಯಾಗುವ ‘ಕೆಂಪುಪಟ್ಟಿ’ ಎಂಬ ಮಾತು ಹುಟ್ಟಿದ್ದು ಇಂತಹ ಒಂದು ಪಟ್ಟಿಯಿಂದಲೇ.

ಇವುಗಳನ್ನು ಒಟ್ಟಾಗಿ ಕಿರುಅಗಲದ ಬಟ್ಟೆಗಳೆಂದು ಕರೆಯಲಾಗುತ್ತದೆ. ಸುಂಕದ ಉದ್ದೇಶಕ್ಕಾಗಿ ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ಸರಕು ವರ್ಗೀಕರಣದ 58ನೆಯ ಅಧ್ಯಾಯದಂತೆ, 30 ಸೆಂಟಿಮೀಟರ್ ಮೀರದ ಅಗಲವುಳ್ಳ ಮತ್ತು ಎರಡೂ ಬದಿಗಳಲ್ಲಿ ಭದ್ರವಾದ ಅಂಚು ಹೊಂದಿರುವ ನೇಯ್ದ ಬಟ್ಟೆಯು 5806 ಶೀರ್ಷಿಕೆಯಡಿ ಬರುತ್ತದೆ. ಲೇಬಲ್ಲುಗಳಿಗೆ 5807, ಹೆಣೆದ ಲೇಸುಗಳಿಗೆ 5808 ಎಂಬ ಪ್ರತ್ಯೇಕ ಶೀರ್ಷಿಕೆಗಳಿವೆ. ಈ ವ್ಯಾಖ್ಯೆಯಲ್ಲಿ ಅಗಲದಷ್ಟೇ ಮುಖ್ಯವಾದದ್ದು ‘ಅಂಚು’ ಎಂಬ ಪದ. ಅಗಲ ಬಟ್ಟೆಯನ್ನು ಕತ್ತರಿಸಿ ಪಟ್ಟಿ ಮಾಡಿದಲ್ಲಿ ಕತ್ತರಿಸಿದ ಬದಿಯಿಂದ ಹಾಸಿನ ಎಳೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ನಾಲ್ಕಾರು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಹತ್ತು ಎಳೆ ಕಳಚಿದರೂ ಅದರ ಬಲ ಗಣನೀಯವಾಗಿ ಕುಗ್ಗುತ್ತದೆ. ಆದುದರಿಂದಲೇ ಪಟ್ಟಿಯನ್ನು ಪಟ್ಟಿಯಾಗಿಯೇ ನೇಯುವ ಯಂತ್ರಗಳು ಪ್ರತ್ಯೇಕವಾಗಿ ಬೆಳೆದುಬಂದಿವೆ.

ಹಿನ್ನೆಲೆ

ಒಂದು ಮಗ್ಗದಲ್ಲಿ ಒಬ್ಬ ನೇಕಾರ ಒಂದೇ ಪಟ್ಟಿ ನೇಯುವುದು ಹಿಂದಿನ ಪದ್ಧತಿ. ಒಂದೇ ಮಗ್ಗದಲ್ಲಿ ಹಲವು ಪಟ್ಟಿಗಳನ್ನು ಏಕಕಾಲಕ್ಕೆ ನೇಯುವ ಯಂತ್ರವು ಯುರೋಪಿನಲ್ಲಿ 16ನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡಿತು. ಡಾನ್ಸಿಗ್ ನಗರದಲ್ಲಿ ಇಂತಹ ಯಂತ್ರ ರೂಪಿಸಿದವನನ್ನು, ನೇಕಾರರು ಬೀದಿಪಾಲಾದಾರೆಂಬ ಭಯದಿಂದ ನಗರಸಭೆಯು ಗುಟ್ಟಾಗಿ ಕೊಲ್ಲಿಸಿತೆಂಬ ಕಥೆಯು 1636ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲಾನ್ಸೆಲೋಟ್ಟಿಯ ಗ್ರಂಥದಲ್ಲಿ ದಾಖಲಾಗಿದೆ. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಭಯವಂತೂ ನಿಜವಾಗಿತ್ತು. 1675ರ ಆಗಸ್ಟ್‌ನಲ್ಲಿ ಲಂಡನ್ನಿನ ರಿಬ್ಬನ್ ನೇಕಾರರು ಇಂತಹ ಯಂತ್ರಗಳನ್ನು ಬೀದಿಗೆ ತಂದು ಸುಟ್ಟರು. 1685ರಲ್ಲಿ ಜರ್ಮನಿಯ ಚಕ್ರವರ್ತಿಯ ಆಜ್ಞೆಯಂತೆ ಅಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಲಾಯಿತು.

ನಿಷೇಧವು ಯಂತ್ರವನ್ನು ತಡೆಯಲಿಲ್ಲ, ಅದರ ಸ್ಥಳವನ್ನು ಬದಲಿಸಿತು ಅಷ್ಟೆ. 1667ರಲ್ಲಿ ಎಮಾನುಯೆಲ್ ಹಾಫ್‌ಮನ್ ಎಂಬ ವರ್ತಕನು ಹಾಲೆಂಡಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಇದನ್ನು ತಂದನು. ಮುಂದೆ ಬಾಸೆಲ್ ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿಯೂ ರೇಷ್ಮೆ ರಿಬ್ಬನ್ ಮಗ್ಗಗಳು ನೆಲೆಗೊಂಡವು. ಆ ರಿಬ್ಬನ್ನುಗಳಿಗೆ ಬೇಕಾದ ಬಣ್ಣದ ಬೇಡಿಕೆಯು ಅದೇ ನಗರದಲ್ಲಿ ಕೃತಕ ವರ್ಣ ಉದ್ಯಮ ಬೆಳೆಯಲು, ತರುವಾಯ ಔಷಧ ಉದ್ಯಮ ಬೆಳೆಯಲು ನೆರವಾಯಿತು. ಇಂದಿಗೂ ಈ ಬಗೆಯ ಯಂತ್ರಗಳ ತಯಾರಿಕೆಯಲ್ಲಿ ಹೆಸರಾಗಿರುವ ಯಾಕೋಬ್ ಮುಲ್ಲರ್ ಸಂಸ್ಥೆಯು 1887ರಲ್ಲಿ ಬಾಸೆಲ್‌ಗೆ ಸಮೀಪದ ಫ್ರಿಕ್ ಎಂಬಲ್ಲಿ ಆರಂಭಗೊಂಡುದು ಆಕಸ್ಮಿಕವಲ್ಲ.

ಲಾಳಿಯುಳ್ಳ ಪಟ್ಟಿ ಮಗ್ಗ

ಕೈಮಗ್ಗದ ಪರಿಚಯವುಳ್ಳವರಿಗೆ ಇದರ ತತ್ವವನ್ನು ವಿವರಿಸಬೇಕಾಗಿಲ್ಲ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಲ್ಲಿ ಕೆಲವು ಮೇಲೇರಿ ಕೆಲವು ಕೆಳಗಿಳಿದಾಗ ನಡುವೆ ತೆರೆಯುವ ಬಾಯಿಯ ಮೂಲಕ ಲಾಳಿಯು ಹೊಕ್ಕಿನ ನೂಲನ್ನು ದಾಟಿಸುತ್ತದೆ. ಹಣಿಗೆಯು ಅದನ್ನು ಬಡಿದು ಕೂರಿಸುತ್ತದೆ. ಪಟ್ಟಿ ಮಗ್ಗದ ವಿಶೇಷವೆಂದರೆ ಪ್ರತಿಯೊಂದು ಪಟ್ಟಿಗೂ ತನ್ನದೇ ಆದ ಪುಟ್ಟ ಲಾಳಿಯಿರುತ್ತದೆ. ಅಗಲ ಮಗ್ಗದಲ್ಲಿ ಲಾಳಿಯನ್ನು ಒಂದು ಬದಿಯಿಂದ ಹೊಡೆದು ಹಾರಿಸಿದರೆ, ಇಲ್ಲಿ ಹಾರಲು ಸ್ಥಳವಿರುವುದಿಲ್ಲ. ಆದ್ದರಿಂದ ಹಲ್ಲುಪಟ್ಟಿ ಮತ್ತು ಹಲ್ಲುಚಕ್ರದ ನೆರವಿನಿಂದ ಎಲ್ಲ ಲಾಳಿಗಳನ್ನೂ ಒಟ್ಟಿಗೆ ಎಡಕ್ಕೂ ಬಲಕ್ಕೂ ಸರಿಸಲಾಗುತ್ತದೆ. ಲಾಳಿಯು ಯಾವ ಘಳಿಗೆಯಲ್ಲಿಯೂ ಯಂತ್ರದ ಹಿಡಿತದಿಂದ ತಪ್ಪಿಸಿಕೊಳ್ಳುವುದಿಲ್ಲ.

ಈ ಮಗ್ಗದ ದೊಡ್ಡ ಗುಣ ಅಂಚು. ಹೊಕ್ಕಿನ ನೂಲು ಎಲ್ಲಿಯೂ ತುಂಡಾಗದೆ, ಕುಣಿಕೆಯಾಗದೆ ಎರಡೂ ಬದಿಗಳಲ್ಲಿ ತಿರುಗಿ ಬರುವುದರಿಂದ ಎರಡೂ ಅಂಚುಗಳು ಒಂದೇ ತೆರನಾಗಿ, ಮಟ್ಟಸವಾಗಿ ಇರುತ್ತವೆ. ಎರಡು ಪದರಗಳನ್ನು ಒಂದರ ಮೇಲೊಂದು ನೇಯ್ದು ಬದಿಗಳಲ್ಲಿ ಕೂಡಿಸಿ ಕೊಳವೆಯಂತಹ ಪಟ್ಟಿಯನ್ನು ಹೊಲಿಗೆಯಿಲ್ಲದೆ ಪಡೆಯಲು ಸಹ ಸಾಧ್ಯ. ದೋಷಗಳೂ ಅಷ್ಟೇ ಸ್ಪಷ್ಟ. ಲಾಳಿಯೊಳಗಿನ ಕಂಡಿಕೆ ಚಿಕ್ಕದು. ಅದು ಮುಗಿದೊಡನೆ ಯಂತ್ರ ನಿಲ್ಲಬೇಕು, ಒಂದು ಪಟ್ಟಿಗಾಗಿ ಉಳಿದೆಲ್ಲ ಪಟ್ಟಿಗಳೂ ಕಾಯಬೇಕು. ಭಾರವಾದ ಲಾಳಿಯನ್ನು ಹಿಂದೆಮುಂದೆ ಸರಿಸಬೇಕಾದ ಕಾರಣ ವೇಗವೂ ಮಿತ. ನಿಮಿಷಕ್ಕೆ 150ರ ಆಸುಪಾಸಿನಲ್ಲಿ ಹೊಕ್ಕು ಬೀಳುವುದು ಸಾಮಾನ್ಯ.

ಸೂಜಿ ಮಗ್ಗ

ಪಟ್ಟಿ ಉದ್ಯಮದ ಸ್ವರೂಪವನ್ನು ಬದಲಿಸಿದ್ದು 20ನೆಯ ಶತಮಾನದ ನಡುವಿನಿಂದೀಚೆಗೆ ಪ್ರಚಾರಕ್ಕೆ ಬಂದ ಸೂಜಿ ಮಗ್ಗ. ‘ನೀಡಲ್ ಲೂಮ್’ ಎಂಬ ಹೆಸರಿನಿಂದಲೇ ಇದು ನಮ್ಮ ಉದ್ದಿಮೆದಾರರಿಗೆ ಹೆಚ್ಚು ಪರಿಚಿತ. ಗುಜರಾತಿನ ಸೂರತ್ ನಗರದಲ್ಲಿ ಇವು ದೇಶೀಯವಾಗಿಯೇ ತಯಾರಾಗುತ್ತವೆ. ಯುರೋಪ್, ತೈವಾನ್, ಚೀನಾ ದೇಶಗಳ ಯಂತ್ರಗಳೂ ಬಳಕೆಯಲ್ಲಿವೆ.

ಇಲ್ಲಿ ಲಾಳಿಯೂ ಇಲ್ಲ, ಕಂಡಿಕೆಯೂ ಇಲ್ಲ. ಹೊಕ್ಕಿನ ನೂಲು ಯಂತ್ರದ ಹೊರಗೆ ನಿಲ್ಲಿಸಿದ ದೊಡ್ಡ ಕೋನಿನಿಂದ ನೇರವಾಗಿ ಬರುತ್ತದೆ. ಬಾಗಿದ ಕುಡುಗೋಲಿನಂತಹ, ತುದಿಯಲ್ಲಿ ಕಣ್ಣುಳ್ಳ ಒಂದು ಉಕ್ಕಿನ ತೋಳು ಈ ನೂಲನ್ನು ಹಿಡಿದು ಹಾಸಿನ ಬಾಯಿಯೊಳಗೆ ಒಂದು ಬದಿಯಿಂದ ನುಗ್ಗುತ್ತದೆ. ಇದೇ ಹೊಕ್ಕುಸೂಜಿ. ಎದುರು ಬದಿಯನ್ನು ತಲುಪಿದಾಗ ಅಲ್ಲಿ ನಿಂತಿರುವ ಇನ್ನೊಂದು ಸೂಜಿ, ಹೆಣಿಗೆ ಯಂತ್ರದಲ್ಲಿರುವಂತಹ ಕೊಕ್ಕೆಸೂಜಿ, ನೂಲಿನ ಕುಣಿಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಕ್ಕುಸೂಜಿ ಹಿಂದಕ್ಕೆ ಸರಿಯುತ್ತದೆ. ಹೋಗುವಾಗ ಒಂದೆಳೆ, ಬರುವಾಗ ಒಂದೆಳೆ, ಹೀಗೆ ಒಂದೇ ಬಾಯಿಯಲ್ಲಿ ಎರಡು ಎಳೆಗಳು ಕೂರುತ್ತವೆ. ಹಣಿಗೆ ಬಡಿಯುತ್ತದೆ, ಹಾಸಿನ ಎಳೆಗಳು ಸ್ಥಾನ ಬದಲಿಸುತ್ತವೆ, ಹೊಕ್ಕುಸೂಜಿ ಮತ್ತೆ ಬರುತ್ತದೆ. ಎದುರು ಬದಿಯ ಕೊಕ್ಕೆಸೂಜಿ ಈ ವೇಳೆಗೆ ಹೊಸ ಕುಣಿಕೆಯನ್ನು ಹಳೆಯ ಕುಣಿಕೆಯೊಳಗಿನಿಂದ ಎಳೆದುಕೊಂಡಿರುತ್ತದೆ. ಹೀಗೆ ಪಟ್ಟಿಯ ಒಂದು ಅಂಚು ನೇಯ್ಗೆ, ಇನ್ನೊಂದು ಅಂಚು ಹೆಣಿಗೆ. ಯಾವುದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎರಡೂ ಅಂಚುಗಳನ್ನು ಹೋಲಿಸಿ ನೋಡಿದಾಗ ಒಂದರಲ್ಲಿ ಮಾತ್ರ ಸಣ್ಣ ಜಡೆಯಂತಹ ಸಾಲು ಕಂಡುಬಂದರೆ ಅದು ಸೂಜಿ ಮಗ್ಗದ ಪಟ್ಟಿ ಎಂದು ತಿಳಿಯಬಹುದು.

ಹಗುರವಾದ ಭಾಗಗಳು ಮಾತ್ರ ಚಲಿಸುವುದರಿಂದ ನಿಮಿಷಕ್ಕೆ ಸಾವಿರಕ್ಕೂ ಮೀರಿ ಹೊಕ್ಕು ಹಾಕಬಹುದು. ಹಗುರ ಪಟ್ಟಿಗಳಲ್ಲಿ ವೇಗ ಇನ್ನೂ ಹೆಚ್ಚು. ವ್ಯತ್ಯಾಸವನ್ನು ಲೆಕ್ಕದ ಮೂಲಕ ನೋಡುವುದು ಸೂಕ್ತ. ಸೆಂಟಿಮೀಟರಿಗೆ 24 ಹೊಕ್ಕಿನ ಎಳೆ ಬೇಕಾದ ಒಂದು ಲಾಡಿಯನ್ನು ತೆಗೆದುಕೊಳ್ಳೋಣ. ನಿಮಿಷಕ್ಕೆ 150 ಹೊಕ್ಕು ಹಾಕುವ ಲಾಳಿ ಮಗ್ಗದಲ್ಲಿ ಒಂದು ಪಟ್ಟಿ ಗಂಟೆಗೆ 3.75 ಮೀಟರ್ ಬೆಳೆಯುತ್ತದೆ. ಅಂತಹ 20 ಪಟ್ಟಿಗಳ ಮಗ್ಗದಿಂದ 75 ಮೀಟರ್ ದೊರೆಯುತ್ತದೆ. ಸೂಜಿ ಮಗ್ಗದಲ್ಲಿ ಒಂದು ಸಲಕ್ಕೆ ಎರಡೆಳೆ ಕೂರುವುದರಿಂದ ಸೆಂಟಿಮೀಟರಿಗೆ 12 ಸಲ ಸಾಕು. ನಿಮಿಷಕ್ಕೆ 1200 ಸಲದ ವೇಗದಲ್ಲಿ ಒಂದು ಪಟ್ಟಿ ಗಂಟೆಗೆ 60 ಮೀಟರ್, ಆರು ಪಟ್ಟಿಗಳ ಯಂತ್ರದಿಂದ 360 ಮೀಟರ್. ಇದು ಯಂತ್ರವು ಎಲ್ಲಿಯೂ ನಿಲ್ಲದೆ ಓಡಿದಾಗಿನ ಲೆಕ್ಕ. ನೂಲು ಹರಿಯುವುದು, ವಿದ್ಯುತ್ ಕಡಿತ, ಹಾಸು ಬದಲಾವಣೆ ಇವುಗಳನ್ನು ಕಳೆದ ನಂತರದ ಉತ್ಪಾದನೆಯೇ ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿರಬೇಕು. ಯಂತ್ರ ಮಾರಾಟಗಾರರ ಕೈಪಿಡಿಯ ವೇಗವನ್ನೇ ಉತ್ಪಾದನೆ ಎಂದು ಬರೆದುಕೊಂಡವರು ಸಾಲದ ಕಂತಿನ ಸಮಯದಲ್ಲಿ ತೊಂದರೆಗೀಡಾಗುತ್ತಾರೆ.

ಯಂತ್ರದ ಹೆಸರಿನ ಜೊತೆಗೆ ಬರುವ 6/55, 8/27 ಮುಂತಾದ ಅಂಕಿಗಳಲ್ಲಿ ಮೊದಲನೆಯದು ಏಕಕಾಲಕ್ಕೆ ನೇಯಬಹುದಾದ ಪಟ್ಟಿಗಳ ಸಂಖ್ಯೆಯನ್ನೂ ಎರಡನೆಯದು ಪ್ರತಿ ಪಟ್ಟಿಯ ಗರಿಷ್ಠ ಅಗಲವನ್ನು ಮಿಲಿಮೀಟರುಗಳಲ್ಲಿಯೂ ಸೂಚಿಸುತ್ತವೆ. 8/27 ಯಂತ್ರದಲ್ಲಿ 40 ಮಿಲಿಮೀಟರ್ ಬೆಲ್ಟ್ ನೇಯಲಾಗದು. ಯಂತ್ರ ಖರೀದಿಸಿದ ನಂತರ ಇದನ್ನು ಅರಿಯುವುದಕ್ಕಿಂತ ಮೊದಲೇ ಅರಿಯುವುದು ಲೇಸು.

ಅಂಚಿನ ಪ್ರಶ್ನೆ

ಸೂಜಿ ಮಗ್ಗದ ವೇಗಕ್ಕೆ ತೆರಬೇಕಾದ ಬೆಲೆ ಅದರ ಹೆಣಿಗೆಯ ಅಂಚಿನಲ್ಲಿದೆ. ಸ್ವೆಟರಿನ ಒಂದು ಕುಣಿಕೆ ಕಳಚಿದರೆ ಉಳಿದವು ಸಾಲಾಗಿ ಬಿಚ್ಚಿಕೊಳ್ಳುವುದನ್ನು ಎಲ್ಲರೂ ಕಂಡಿರುತ್ತಾರೆ. ಹೊಕ್ಕಿನ ಕುಣಿಕೆಗಳನ್ನು ಒಂದರೊಳಗೊಂದು ಸೇರಿಸಿ ಮಾತ್ರ ಅಂಚನ್ನು ಕಟ್ಟಿದ್ದಲ್ಲಿ ಪಟ್ಟಿಗೂ ಇದೇ ಗತಿ: ನೇಯ್ಗೆ ಮುಗಿದ ತುದಿಯಿಂದ ನೂಲನ್ನು ಎಳೆದರೆ ಹೊಕ್ಕು ಸರಸರನೆ ಹೊರಬಂದು ಹಾಸಿನ ಎಳೆಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಉಡುಗೊರೆ ಕಟ್ಟುವ ರಿಬ್ಬನ್ನಿಗೆ, ಬಟ್ಟೆಯೊಳಗೆ ಹೊಲಿದು ಮುಚ್ಚುವ ಲಾಡಿಗೆ ಇದರಿಂದ ಬಾಧಕವಿಲ್ಲ.

ಎರಡನೆಯ ವಿಧಾನದಲ್ಲಿ ಕೊಕ್ಕೆಸೂಜಿಯ ಬದಿಗೆ ಪ್ರತ್ಯೇಕವಾದ ತೆಳು ನೂಲೊಂದನ್ನು ಪೂರೈಸಲಾಗುತ್ತದೆ. ಹೊಕ್ಕಿನ ಕುಣಿಕೆಯನ್ನು ಈ ಬಂಧಕ ನೂಲಿನ ಸರಪಣಿ ಹಿಡಿದುಕೊಳ್ಳುತ್ತದೆ. ಅಂಚು ತೆಳುವಾಗಿ, ನೋಡಲು ಇನ್ನೊಂದು ಅಂಚಿನಂತೆಯೇ ಇರುತ್ತದೆಯಾದರೂ ಬಂಧಕ ನೂಲು ಸವೆದು ತುಂಡಾದಲ್ಲಿ ಸರಪಣಿ ಬಿಚ್ಚುವ ಸಾಧ್ಯತೆ ಉಳಿದೇ ಇರುತ್ತದೆ. ಮೂರನೆಯ ವಿಧಾನದಲ್ಲಿ ಹೊಕ್ಕಿನ ಕುಣಿಕೆ ಮತ್ತು ಬಂಧಕ ನೂಲು ಎರಡನ್ನೂ ಸೂಜಿಯು ಒಟ್ಟಿಗೆ ಹೆಣೆಯುತ್ತದೆ. ಒಂದು ಹರಿದರೆ ಇನ್ನೊಂದು ಹಿಡಿಯುತ್ತದೆ. ಅಂಚು ತುಸು ದಪ್ಪವಾಗುತ್ತದೆ, ನೂಲಿನ ಖರ್ಚು ಹೆಚ್ಚುತ್ತದೆ, ವೇಗವನ್ನೂ ಸ್ವಲ್ಪ ತಗ್ಗಿಸಬೇಕಾಗಬಹುದು. ಜೀವರಕ್ಷಕ ಬೆಲ್ಟುಗಳಿಗಾಗಿ ಇದರ ಮೇಲೆ ಇನ್ನೂ ಒಂದು ಬಂಧಕ ನೂಲನ್ನು ಸೇರಿಸುವ ವಿಧಾನವೂ ಉಂಟು.

ಕಟ್ಟಡದ ಹತ್ತನೆಯ ಅಂತಸ್ತಿನ ಸಾರುವೆಯ ಮೇಲೆ ನಿಂತು ಗಾರೆ ಮೆತ್ತುವ ಕಾರ್ಮಿಕನು ಧರಿಸುವ ಸುರಕ್ಷಾ ಪಟ್ಟಿಯ ಅಂಚನ್ನು ಯಾವ ವಿಧಾನದಲ್ಲಿ ಕಟ್ಟಲಾಗಿದೆಯೆಂಬುದು ಅವನಿಗೆ ತಿಳಿದಿರುವುದಿಲ್ಲ; ತಿಳಿಯಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಅಂಚು ಸಿಮೆಂಟಿಗೂ ಕಬ್ಬಿಣದ ಸರಳಿಗೂ ದಿನವಿಡೀ ಉಜ್ಜುತ್ತದೆ, ಮೊದಲು ಸವೆಯುವುದು ಅದೇ. ಇಂತಹ ಪಟ್ಟಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 3521 ಮಾನಕವಿದೆ. ಚೀಲದ ಪಟ್ಟಿ ನೇಯುತ್ತಿರುವ ಘಟಕವು ಅದೇ ಯಂತ್ರದಲ್ಲಿ, ಅದೇ ಅಂಚಿನಲ್ಲಿ, ಕೇವಲ ದಪ್ಪ ನೂಲು ಬಳಸಿ ಸುರಕ್ಷಾ ಪಟ್ಟಿಯ ಬೇಡಿಕೆಯನ್ನು ಪೂರೈಸಲು ಮುಂದಾಗತಕ್ಕದ್ದಲ್ಲ. ನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ ಎಂಬುದೇ ಇಲ್ಲಿನ ಅಪಾಯ.

ಖರೀದಿದಾರರು ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಪಟ್ಟಿಯ ಎರಡೂ ತುದಿಗಳನ್ನು ಕತ್ತರಿಯಿಂದ ಕತ್ತರಿಸಿ, ಜಡೆಯಂತಹ ಅಂಚಿನ ನೂಲನ್ನು ಪಿನ್ನಿನಿಂದ ಎತ್ತಿ ಎಳೆಯಬೇಕು. ಪರೀಕ್ಷಿಸುವ ತುದಿಯನ್ನು ಬಿಸಿ ಅಲಗಿನಿಂದ ಕತ್ತರಿಸಕೂಡದು. ಕರಗಿದ ತುದಿಯು ದೋಷವನ್ನು ಮರೆಮಾಡುತ್ತದೆ. ನೂಲು ಒಂದೆರಡು ಕುಣಿಕೆಯ ನಂತರ ಸಿಕ್ಕಿಕೊಂಡರೆ ಸಮಾಧಾನಕರ. ನಿರಾಯಾಸವಾಗಿ ಗೇಣುದ್ದ ಬಿಚ್ಚಿ ಬಂದರೆ ಅಂತಹ ಪಟ್ಟಿಯನ್ನು ಭಾರ ಹೊರುವ ಕೆಲಸಕ್ಕೆ ಬಳಸಬಾರದು. ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ.

ಸೀಟ್ ಬೆಲ್ಟ್

ವೋಲ್ವೋ ಸಂಸ್ಥೆಯ ಎಂಜಿನಿಯರ್ ನೀಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟು 1959ರಲ್ಲಿ ಕಾರುಗಳಲ್ಲಿ ಬಂದಿತು. ಅದರ ಪಟ್ಟಿಯು ಪಾಲಿಯೆಸ್ಟರ್ ನೂಲಿನಿಂದ ಸೂಜಿ ಮಗ್ಗದಲ್ಲಿ ತಯಾರಾಗುತ್ತದೆ. ಐದು ಸೆಂಟಿಮೀಟರಿಗೂ ಕಡಿಮೆ ಅಗಲದಲ್ಲಿ ನೂರಾರು ಹಾಸಿನ ಎಳೆಗಳು ಒತ್ತಾಗಿ ಕೂರುತ್ತವೆ. ವಿಶ್ವಸಂಸ್ಥೆಯ 16ನೆಯ ವಾಹನ ನಿಯಮಾವಳಿಯ ಪ್ರಕಾರ ಪಟ್ಟಿಯು ಹರಿಯುವ ಬಲ 14.7 ಕಿಲೋನ್ಯೂಟನ್‌ಗಿಂತ, ಅಂದರೆ ಸುಮಾರು 1500 ಕಿಲೋಗ್ರಾಂ ತೂಕಕ್ಕಿಂತ ಕಡಿಮೆ ಇರಕೂಡದು. 9.8 ಕಿಲೋನ್ಯೂಟನ್ ಎಳೆತದಲ್ಲಿಯೂ ಅದರ ಅಗಲ 46 ಮಿಲಿಮೀಟರಿಗಿಂತ ಕಿರಿದಾಗಬಾರದು. ಅಗಲದ ನಿಯಮಕ್ಕೆ ಕಾರಣವಿದೆ: ಎಳೆತಕ್ಕೆ ಸಿಕ್ಕಿ ಹಗ್ಗದಂತೆ ಮಡಚಿಕೊಂಡ ಪಟ್ಟಿಯು ಎದೆಗೆ ಆಸರೆಯಾಗುವ ಬದಲು ಎದೆಯನ್ನು ಕೊಯ್ಯುತ್ತದೆ. ಬಿಸಿಲು, ಶೀತ, ಉಷ್ಣ, ನೀರು, ಉಜ್ಜುವಿಕೆ ಇವೆಲ್ಲವುಗಳಿಗೆ ಒಡ್ಡಿದ ನಂತರವೂ ಬಲವನ್ನು ಅಳೆಯಲಾಗುತ್ತದೆ.

ನೇಯ್ಗೆಯೊಂದಿಗೆ ಕೆಲಸ ಮುಗಿಯುವುದಿಲ್ಲ. ಬಣ್ಣ ಹೀರಿಸಿದ ಪಟ್ಟಿಯನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒಲೆಯ ಮೂಲಕ ನಿಯಂತ್ರಿತ ಎಳೆತದಲ್ಲಿ ಹಾಯಿಸಿದಾಗ ಬಣ್ಣ ನೂಲಿನೊಳಗೆ ನೆಲೆಯೂರುತ್ತದೆ. ಅದರೊಂದಿಗೆ ಪಟ್ಟಿಯು ಎಷ್ಟು ಹಿಗ್ಗಬೇಕೆಂಬುದೂ ಅಲ್ಲಿಯೇ ನಿರ್ಧಾರವಾಗುತ್ತದೆ. ಸ್ವಲ್ಪವೂ ಹಿಗ್ಗದ ಬೆಲ್ಟು ಅಪಘಾತದ ಹೊಡೆತವನ್ನು ನೇರವಾಗಿ ದೇಹಕ್ಕೆ ದಾಟಿಸುತ್ತದೆ, ಅತಿಯಾಗಿ ಹಿಗ್ಗುವ ಬೆಲ್ಟು ತಲೆಯನ್ನು ಮುಂದಿನ ಗಾಜಿಗೆ ತಲುಪಿಸುತ್ತದೆ.

ವಿನ್ಯಾಸ, ಲೇಬಲ್ಲು ಮತ್ತು ಎಲಾಸ್ಟಿಕ್

ಸಾದಾ ನೇಯ್ಗೆಯ ಪಟ್ಟಿಗಳಲ್ಲಿ ಹಾಸಿನ ಎಳೆಗಳನ್ನು ಎತ್ತಿಳಿಸಲು ಉಬ್ಬುತಗ್ಗುಗಳುಳ್ಳ ಕೊಂಡಿಗಳ ಸರಪಣಿ ಸಾಕು. ಅಕ್ಷರ, ಹೂಬಳ್ಳಿ ಮೂಡಬೇಕಾದಲ್ಲಿ ಪ್ರತಿಯೊಂದು ಎಳೆಯನ್ನೂ ಬೇರೆಬೇರೆಯಾಗಿ ಎತ್ತುವ ಜಕಾರ್ಡ್ ಸಾಧನ ಬೇಕಾಗುತ್ತದೆ. ರಂಧ್ರ ಕೊರೆದ ರಟ್ಟಿನ ಹಾಳೆಗಳ ಬದಲಿಗೆ ಗಣಕಯಂತ್ರದ ಕಡತದಿಂದ ನಡೆಯುವ ಜಕಾರ್ಡುಗಳು ಈಗ ಸಾಮಾನ್ಯವಾಗಿವೆ.

ಬೆಂಗಳೂರಿನಂತಹ ಸಿದ್ಧ ಉಡುಪು ಕೇಂದ್ರಗಳಿಗೆ ಬೇಕಾಗುವ ಲೇಬಲ್ಲುಗಳು ಎರಡು ಬಗೆಯಲ್ಲಿ ತಯಾರಾಗುತ್ತವೆ. ಸೂಜಿ ಮಗ್ಗದಲ್ಲಿ ಒಂದೊಂದನ್ನೂ ಸ್ವಂತ ಅಂಚಿನೊಡನೆ ನೇಯುವುದು ಮೊದಲನೆಯದು. ಅಗಲವಾದ ಮಗ್ಗದಲ್ಲಿ ಪಾಲಿಯೆಸ್ಟರ್ ಬಟ್ಟೆಯಾಗಿ ನೇಯ್ದು, ಮಗ್ಗದ ಮೇಲೆಯೇ ಕಾದ ತಂತಿಗಳಿಂದ ಪಟ್ಟಿಗಳಾಗಿ ಸೀಳುವುದು ಎರಡನೆಯದು. ಇದು ಅಗ್ಗ, ಉತ್ಪಾದನೆಯೂ ಅಧಿಕ. ಆದರೆ ಕರಗಿ ಗಟ್ಟಿಯಾದ ಬದಿ ಚೂಪಾಗಿರುತ್ತದೆ. ಹೊಸ ಅಂಗಿ ತೊಟ್ಟ ದಿನ ಕತ್ತಿನ ಹಿಂಭಾಗದಲ್ಲಿ ಆಗುವ ತುರಿಕೆಗೆ ಅನೇಕ ವೇಳೆ ಇದೇ ಕಾರಣ. ಮಕ್ಕಳ ಉಡುಪಿಗೆ ಅಂಚು ನೇಯ್ದ ಲೇಬಲ್ಲು ಉತ್ತಮ.

ಎಲಾಸ್ಟಿಕ್ ಪಟ್ಟಿಯಲ್ಲಿ ಹಾಸಿನ ಒಂದು ಭಾಗ ರಬ್ಬರ್ ಅಥವಾ ಸ್ಪ್ಯಾಂಡೆಕ್ಸ್ ಎಳೆಗಳಾಗಿದ್ದು, ಅವುಗಳನ್ನು ಪ್ರತ್ಯೇಕ ಉರುಳೆಗಳ ಮೂಲಕ ಎಳೆದು ಹಿಗ್ಗಿಸಿದ ಸ್ಥಿತಿಯಲ್ಲಿಯೇ ನೇಯಲಾಗುತ್ತದೆ. ಯಂತ್ರದಿಂದ ಬಿಡುಗಡೆಯಾದೊಡನೆ ಪಟ್ಟಿ ಕುಗ್ಗುತ್ತದೆ. ಉರುಳೆಯ ಎಳೆತದಲ್ಲಿ ಏರುಪೇರಾದರೆ ಒಂದೇ ಸುರುಳಿಯ ಎಲಾಸ್ಟಿಕ್ಕು ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲ. ಅಂಟಿಸಿ ಬಿಡಿಸುವ ಕೊಕ್ಕೆಪಟ್ಟಿಯೂ ಇದೇ ಕುಟುಂಬದ್ದು. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ನಾಯಿಯ ಮೈಗಂಟಿದ ಮುಳ್ಳುಕಾಯಿಯನ್ನು ಕಂಡು ಕಲ್ಪಿಸಿದ ಈ ಪಟ್ಟಿಗೆ ಅಮೆರಿಕದ ಪೇಟೆಂಟು 1955ರಲ್ಲಿ ದೊರೆಯಿತು. ಗಟ್ಟಿ ನೈಲಾನ್ ಎಳೆಯನ್ನು ಕುಣಿಕೆಗಳಾಗಿ ನೇಯ್ದು, ಶಾಖದಿಂದ ಆಕಾರ ನಿಲ್ಲಿಸಿ, ಪ್ರತಿ ಕುಣಿಕೆಯನ್ನು ಒಂದು ಬದಿಯಲ್ಲಿ ಕತ್ತರಿಸಿದಾಗ ಕೊಕ್ಕೆಗಳಾಗುತ್ತವೆ.

ನೇಯ್ಗೆಯಲ್ಲದ ಬಳಗ

ಮಾರುಕಟ್ಟೆಯಲ್ಲಿ ಪಟ್ಟಿಗಳೆಂದೇ ಮಾರಾಟವಾಗುವ ಕೆಲವು ವಸ್ತುಗಳು ನೇಯ್ದವಲ್ಲ. ಕ್ರೋಶೆ ಯಂತ್ರದಲ್ಲಿ ಪ್ರತಿಯೊಂದು ಉದ್ದೆಳೆಯೂ ತನ್ನದೇ ಸೂಜಿಯಲ್ಲಿ ಸರಪಣಿಯಾಗಿ ಹೆಣೆದುಕೊಳ್ಳುತ್ತದೆ. ಅಡ್ಡೆಳೆಗಳು ಆ ಸರಪಣಿಗಳನ್ನು ಜೋಡಿಸುತ್ತವೆ. ಸೀರೆಗೆ ಹಚ್ಚುವ ಲೇಸು, ಕುಚ್ಚಿನ ಪಟ್ಟಿ, ಅಗ್ಗದ ಎಲಾಸ್ಟಿಕ್ ಇದರಿಂದ ಬರುತ್ತವೆ.

ಶೂಲೇಸು, ಪೈಜಾಮದ ದುಂಡು ಲಾಡಿ, ಹಗ್ಗಗಳನ್ನು ಹೆಣೆಯುವ ಯಂತ್ರದ ತತ್ವ ತಿಳಿಯಲು ನಮ್ಮ ಜಡೆಕೋಲಾಟವನ್ನು ನೆನೆದರೆ ಸಾಕು. ಮೇಲಿನಿಂದ ಇಳಿಬಿದ್ದ ಬಣ್ಣದ ಹಗ್ಗಗಳ ತುದಿ ಹಿಡಿದ ಕುಣಿತಗಾರರು ಅರ್ಧ ಮಂದಿ ಒಂದು ದಿಕ್ಕಿಗೆ, ಅರ್ಧ ಮಂದಿ ಎದುರು ದಿಕ್ಕಿಗೆ, ಒಬ್ಬರ ಒಳಗೆ ಒಬ್ಬರ ಹೊರಗೆ ಸುತ್ತುತ್ತಾ ಹೋದಂತೆ ಮೇಲೆ ಜಡೆ ಕಟ್ಟಿಕೊಳ್ಳುತ್ತದೆ. ಯಂತ್ರದಲ್ಲಿ ಕುಣಿತಗಾರರ ಸ್ಥಾನದಲ್ಲಿ ನೂಲಿನ ಬಾಬಿನ್ನುಗಳಿವೆ. ಇಲ್ಲಿ ಹಾಸು, ಹೊಕ್ಕು ಎಂಬ ಭೇದವೇ ಇಲ್ಲ. ಎಲ್ಲ ಎಳೆಗಳೂ ಓರೆಯಾಗಿ ಸಾಗುತ್ತವೆ. ಆದ್ದರಿಂದಲೇ ಇವು ಎಳೆದಾಗ ಉದ್ದವಾಗಿ ಕಿರಿದಾಗುತ್ತವೆ.

ಯಂತ್ರದ ಆಯ್ಕೆ ಮತ್ತು ಕಾರ್ಮಿಕರ ಸುರಕ್ಷತೆ

ಹೊಸದಾಗಿ ಘಟಕ ಸ್ಥಾಪಿಸುವವರು ಮೊದಲು ನಿರ್ಧರಿಸಬೇಕಾದುದು ಯಂತ್ರವನ್ನಲ್ಲ, ಪಟ್ಟಿಯನ್ನು. ಅಗಲ, ನೂಲಿನ ಬಗೆ, ಅಂಚಿನ ವಿಧಾನ, ವಿನ್ಯಾಸ ಈ ನಾಲ್ಕೂ ಗೊತ್ತಾದ ಮೇಲೆ ಯಂತ್ರದ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ನೂಲಿನ ವಿಷಯದಲ್ಲಿ ಪಾಲಿಪ್ರೊಪಿಲೀನ್ ಅಗ್ಗವೂ ಹಗುರವೂ ಆದರೂ ಸುಮಾರು 165 ಡಿಗ್ರಿಯಲ್ಲಿ ಕರಗುತ್ತದೆ, ರಕ್ಷಕ ರಾಸಾಯನಿಕ ಬೆರೆಸದಿದ್ದಲ್ಲಿ ಬಿಸಿಲಿಗೆ ಬೇಗ ಸೊರಗುತ್ತದೆ. ನೈಲಾನ್ ಒದ್ದೆಯಾದಾಗ ಹಿಗ್ಗುತ್ತದೆ. ಪಾಲಿಯೆಸ್ಟರ್ ಬಿಸಿಲು, ತೇವಾಂಶ ಎರಡನ್ನೂ ಹೆಚ್ಚು ತಾಳುತ್ತದೆ. ಹಳೆಯ ಯಂತ್ರವನ್ನು ಕೊಳ್ಳುವುದಾದರೆ ಹೊಕ್ಕುಸೂಜಿಯ ತೋಳು ಮತ್ತು ಬೇರಿಂಗುಗಳ ಸವೆತವನ್ನು ಯಂತ್ರ ಓಡುತ್ತಿರುವಾಗಲೇ ನೋಡತಕ್ಕದ್ದು. ನಿಂತ ಯಂತ್ರದಲ್ಲಿ ಸವೆತ ಕಾಣುವುದಿಲ್ಲ.

ಹೊಕ್ಕುಸೂಜಿಯು ಸೆಕೆಂಡಿಗೆ ಇಪ್ಪತ್ತು ಬಾರಿ ಓಡಾಡುವಾಗ ಕಣ್ಣಿಗೆ ಅದು ಒಂದು ಮಂಜಿನಂತೆ ಮಾತ್ರ ತೋರುತ್ತದೆ. ಹರಿದ ಎಳೆಯನ್ನು ಯಂತ್ರ ನಿಲ್ಲಿಸದೆಯೇ ಬೆರಳಿನಿಂದ ಹಿಡಿಯಲು ಹೋಗುವುದು ಈ ಘಟಕಗಳಲ್ಲಿನ ಗಾಯಗಳಿಗೆ ದಾರಿ ಮಾಡಿಕೊಡುತ್ತದೆ. ರಕ್ಷಣಾ ಮುಚ್ಚಳವನ್ನು ತೆಗೆದರೆ ಯಂತ್ರ ತಾನೇ ನಿಲ್ಲುವ ಏರ್ಪಾಡು ಇರಬೇಕು. ಉತ್ಪಾದನೆಯ ನೆಪದಲ್ಲಿ ಅದರ ತಂತಿ ಕಿತ್ತು ಓಡಿಸಬಾರದು. ಸಡಿಲ ಸೆರಗು, ದುಪಟ್ಟಾ, ಇಳಿಬಿಟ್ಟ ಜಡೆಯೊಂದಿಗೆ ಯಂತ್ರದ ಬಳಿ ಕೆಲಸ ಮಾಡಲು ಬಿಡಕೂಡದು. ಹತ್ತಾರು ಯಂತ್ರಗಳು ಓಡುವ ಕೊಠಡಿಯಲ್ಲಿ ಪಕ್ಕದವರೊಡನೆ ಕೂಗಿ ಮಾತನಾಡಬೇಕಾಗುವಷ್ಟು ಸದ್ದಿರುತ್ತದೆ. ಕಿವಿಯ ರಕ್ಷಕಗಳನ್ನು ಒದಗಿಸುವುದು ಮಾಲೀಕರ ಹೊಣೆ. ಸದ್ದಿನಿಂದಾದ ಕಿವುಡುತನಕ್ಕೆ ಚಿಕಿತ್ಸೆಯಿಂದ ಶ್ರವಣಶಕ್ತಿ ಮರಳಿ ಬರುವುದಿಲ್ಲ.